ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಹೆಪ್ಪು ಗಟ್ಟಿಯಾಗಿತ್ತು

ವಿಜಯಪುರದ ಯಾವುದಾದರೂ ಮೆಡಿಕಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಒಬ್ಬರಾದರೂ ಬಂದು ಕೇಳುತ್ತಾರೆ: "ರಕ್ತ ತೆಳು ಮಾಡೋ ಗುಳಿಗಿ ಅದಾವೇನ್ರಿ? ಒಂದ್ ಹತ್ತು ಕೊಡ್ರಿ." ಕೈಯಲ್ಲಿ ಚೀಟಿ ಇರುವುದಿಲ್ಲ. ಹೃದಯದ ಕಾಯಿಲೆಯೂ ಇರುವುದಿಲ್ಲ. ಇರುವುದು ಹೆದರಿಕೆ.

2025ರ ಜೂನ್, ಜುಲೈನಲ್ಲಿ ಹಾಸನದ ಸುದ್ದಿ ದಿನಾ ಟಿವಿಯಲ್ಲಿ ಬರತೊಡಗಿದ ಮೇಲೆ ಈ ಹೆದರಿಕೆ ಜಾಸ್ತಿಯಾಯಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಸುದ್ದಿ. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಹೇಳಿದ್ದು ಹಳೆಯ ಮಾತನ್ನೇ: ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಮನೆತನದಲ್ಲಿ ಹೃದ್ರೋಗ. ಕೋವಿಡ್ ಲಸಿಕೆಗೆ ಸಂಬಂಧ ಕಾಣಲಿಲ್ಲ ಅಂತಲೂ ಹೇಳಿತು. ಆದರೆ ವರದಿ ಬರುವಷ್ಟರಲ್ಲಿ ವಾಟ್ಸಾಪಿನಲ್ಲಿ ತೀರ್ಪು ಆಗಿಹೋಗಿತ್ತು. "ಎಲ್ಲರ ರಕ್ತದಾಗೂ ಗಂಟು ಕಟ್ಟಾಕತ್ತಾವ" ಅನ್ನೋ ಮಾತು ನಮ್ಮ ಇಂಡಿ ತಾಲ್ಲೂಕಿನ ಕಟ್ಟೆಗಳಿಗೂ ಬಂದು ಕೂತಿತು.

ಈ ಮಾತಿನಲ್ಲಿ ಅರ್ಧ ನಿಜ ಇದೆ. ಹೃದಯಾಘಾತಕ್ಕೆ ಕೊನೆಯ ಏಟು ಕೊಡುವುದು ಬಹಳ ಸಲ ರಕ್ತದ ಹೆಪ್ಪೇ. ಉಳಿದರ್ಧ ತಪ್ಪು. ಆ ತಪ್ಪಿನಿಂದ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮ ಕಾಕಾಗೆ ಲಿಂಬಿ ತೋಟ ಇದೆ. ಊರು ಇಂಡಿಯಿಂದ ಹತ್ತು ಕಿಲೋಮೀಟರ್. ಒಂದು ದಿನ ಬೆಳಗಿನ ಐದಕ್ಕೆ ಎದ್ದು ಮೋಟರ್ ಹಚ್ಚಲು ಹೋದವರು ಬದುವಿನ ಮೇಲೆ ಕೂತುಬಿಟ್ಟರು. ಎದೆಯ ನಡುವೆ ಯಾರೋ ರುಬ್ಬುಗುಂಡು ಇಟ್ಟ ಹಾಗೆ. ಬನಿಯನ್ ತೊಯ್ದುಹೋಗುವಷ್ಟು ಬೆವರು. ಮನೆಗೆ ಬಂದು ಚಿಗವ್ವನಿಗೆ ಹೇಳಿದ್ದು ಇಷ್ಟು: "ವಾಯು ಆಗೈತಿ ಬಿಡು. ರಾತ್ರಿ ಝುಣಕ ಜಾಸ್ತಿ ತಿಂದ್ನೆಲ್ಲ." ಒಂದು ಸೋಡಾ ಆಯಿತು. ಜೀರಿಗೆ ನೀರಾಯಿತು. ಏಳೂವರೆಗೆ ಊರಿನ ವೈದ್ಯರು ಬಂದು ಗ್ಯಾಸಿನ ಇಂಜೆಕ್ಷನ್ ಮಾಡಿದರು. ಒಂಬತ್ತಕ್ಕೆ ಕಾರು ಸಿಕ್ಕಿತು. ಇಂಡಿ ಬಂದಾಗ ನನ್ನ ತಮ್ಮ, ಅಂದರೆ ಕಾಕಾನ ಮಗ, "ಇಲ್ಲಿ ದವಾಖಾನ್ಯಾಗ ಒಮ್ಮೆ ತೋರ್ಸೋಣೇನು" ಅಂದ. ಹಿಂದಿನ ಸೀಟಿನಲ್ಲಿದ್ದ ಹಿರಿಯರು ತಡೆದರು. "ಇಲ್ಲಿ ಏನ್ ಇರ್ತೈತೋ ತಮ್ಮಾ? ಸೀದಾ ಸೊಲ್ಲಾಪುರಕ್ಕ ಹೊಡಿ."

ಸೊಲ್ಲಾಪುರದಲ್ಲಿ ಡಾಕ್ಟರ್ ಇಸಿಜಿ ನೋಡಿ ಕೇಳಿದ ಮೊದಲ ಪ್ರಶ್ನೆ: "ನೋವು ಎಷ್ಟು ಗಂಟೆಗೆ ಶುರುವಾಯಿತು?" ಆಗ ಹನ್ನೊಂದು ಗಂಟೆ. ಲೆಕ್ಕ ಹಾಕಿದರೆ ಆರು ತಾಸು.

ಕಾಕಾ ಬದುಕಿದ್ದಾರೆ. ನಾಳ ತೆರೆದಿಡುವ ಸಣ್ಣ ಜಾಳಿಗೆ, ಅಂದರೆ ಸ್ಟೆಂಟ್ ಹಾಕಿದರು. ಆದರೆ ಹೃದಯದ ಪಂಪಿಂಗ್ 35 ಪರ್ಸೆಂಟಿಗೆ ಬಂದು ನಿಂತಿತು. ಗಟ್ಟಿಮುಟ್ಟಾದ ಹೃದಯದಲ್ಲಿ ಅದು 55ಕ್ಕಿಂತ ಮೇಲಿರುತ್ತದೆ. ಈಗ ತೋಟದ ಅರ್ಧ ದಾರಿಗೆ ಹೋಗಿ ಕೂರುತ್ತಾರೆ. ಆ ಆರು ತಾಸಿನಲ್ಲಿ ಎದೆಯೊಳಗೆ ಏನಾಯಿತು ಅನ್ನುವುದೇ ಈ ಲೇಖನದ ವಿಷಯ.

ಹೆಪ್ಪು ಅನ್ನುವ ಮಾತು ನಮಗೆ ಅಡುಗೆಮನೆಯಿಂದ ಬಂದದ್ದು. ಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಗಡಿಗೆಯೇ ಗಟ್ಟಿ. ರಕ್ತ ಹೆಪ್ಪುಗಟ್ಟುವುದು ಇನ್ನೂ ಬೇಗ, ಕೆಲವೇ ನಿಮಿಷದ ಕೆಲಸ. ಕುಡುಗೋಲು ತಾಗಿ ಬೆರಳು ಕೊಯ್ದರೆ ಮೊದಲು ಓಡಿಬರುವುದು ಪ್ಲೇಟ್‌ಲೆಟ್. ಡೆಂಗಿ ಬಂದ ಮನೆಯವರಿಗೆಲ್ಲ ಈ ಹೆಸರು ಗೊತ್ತು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಗಾಯದ ಬಾಯಿಗೆ ಅವು ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಆಮೇಲೆ ರಕ್ತದಲ್ಲೇ ಕರಗಿರುವ ಒಂದು ಪ್ರೋಟೀನು ಫೈಬ್ರಿನ್ ಎಂಬ ಎಳೆಯಾಗಿ ಅವುಗಳ ಸುತ್ತ ಬಲೆ ನೇಯುತ್ತದೆ. ಬಲೆಯಲ್ಲಿ ಕೆಂಪು ಕಣಗಳು ಸಿಕ್ಕಿಬೀಳುತ್ತವೆ. ಸೋರಿಕೆ ನಿಂತಿತು.

ಇದು ಕಾಯಿಲೆಯಲ್ಲ, ಕಾವಲು. ಇದಿಲ್ಲದಿದ್ದರೆ ಒಂದು ಹೆರಿಗೆ, ಒಂದು ಹಲ್ಲು ಕೀಳುವುದು ಸಾಕಿತ್ತು, ಜೀವ ಹೋಗುತ್ತಿತ್ತು. "ರಕ್ತ ದಪ್ಪ ಆಗೇದ" ಅನ್ನುವ ಮಾತು ಅದಕ್ಕೇ ನನಗೆ ಸರಿ ಕಾಣುವುದಿಲ್ಲ. ಹೃದಯಾಘಾತ ಆದವರ ರಕ್ತ ಸಾಮಾನ್ಯವಾಗಿ ನಮ್ಮ ನಿಮ್ಮ ರಕ್ತದ ಹಾಗೇ ಇರುತ್ತದೆ. ಅದು ತನ್ನ ಕೆಲಸವನ್ನೇ ಮಾಡಿರುತ್ತದೆ. ಮಾಡಬಾರದ ಜಾಗದಲ್ಲಿ ಮಾಡಿರುತ್ತದೆ, ಅಷ್ಟೇ.

ಆ ಜಾಗ ಎಷ್ಟು ಸಣ್ಣದು ಅಂತ ತಿಳಿಯಬೇಕಾದರೆ ಒಂದು ಜೋಳದ ಕಾಳು ಕೈಗೆ ತೆಗೆದುಕೊಳ್ಳಿ. ನಮ್ಮ ಕಡೆಯ ಮಾಲದಂಡಿ ಜೋಳ ಆದರೂ ಸರಿ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕೊರೋನರಿ ರಕ್ತನಾಳದ ಒಳ ಅಗಲ ಸುಮಾರು ಅಷ್ಟೇ, ಮೂರರಿಂದ ನಾಲ್ಕು ಮಿಲಿಮೀಟರ್. ದಿನಕ್ಕೆ ಲಕ್ಷ ಸಲ ಬಡಿಯುವ ಹೃದಯ ತನ್ನ ಊಟಕ್ಕೆ ನೆಚ್ಚಿಕೊಂಡಿರುವುದು ಈ ಜೋಳದ ಕಾಳಿನಷ್ಟು ದಾರಿಯನ್ನು.

ಇಲ್ಲಿ ಎಲ್ಲರೂ ಹೇಳುವ ಹೋಲಿಕೆ ಪೈಪಿನದು. ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿಕೊಂಡು ನೀರು ನಿಲ್ಲುವ ಹಾಗೆ ನಾಳದಲ್ಲಿ ಕೊಬ್ಬು ಕೂತು ಕೂತು ಒಂದು ದಿನ ಪೂರ್ತಿ ಬಂದ್. ಡಾಕ್ಟರುಗಳೂ ಹೀಗೇ ಹೇಳಿಬಿಡುತ್ತಾರೆ, ಹೇಳುವುದು ಸುಲಭ ನೋಡಿ. ಆದರೆ ಈ ಹೋಲಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೊಬ್ಬು ಕೂರುವುದು ಪೈಪಿನ ಒಳಗಲ್ಲ, ಪೈಪಿನ ಗೋಡೆಯೊಳಗೆ. ಚರ್ಮದಡಿ ಕುರು ಆದ ಹಾಗೆ. ಒಳಗೆ ಮೆತ್ತನೆಯ ಕೊಬ್ಬು, ಮೇಲೆ ತೆಳ್ಳನೆಯ ಪೊರೆ. ಇದನ್ನು ಪ್ಲಾಕ್ ಅನ್ನುತ್ತಾರೆ. ಕೆಲವರ ಕುರುವಿಗೆ ಪೊರೆ ದಪ್ಪ, ನಾಳ ಮುಕ್ಕಾಲು ಮುಚ್ಚಿದ್ದರೂ ವರ್ಷಗಟ್ಟಲೆ ಒಡೆಯುವುದಿಲ್ಲ. ಅಂಥವರಿಗೆ ಮೆಟ್ಟಿಲು ಹತ್ತಿದಾಗ ಎದೆ ಹಿಡಿಯುತ್ತದೆ, ಕೂತರೆ ಬಿಡುತ್ತದೆ. ಇನ್ನು ಕೆಲವರದು ಸಣ್ಣ ಕುರು. ನಾಳದ ಅರ್ಧವನ್ನೂ ಮುಚ್ಚಿರುವುದಿಲ್ಲ. ಏನೂ ತೊಂದರೆ ಕೊಟ್ಟಿರುವುದಿಲ್ಲ. ಆದರೆ ಪೊರೆ ತೆಳು, ಒಳಗೆ ಉರಿಯೂತ.

ಒಂದು ಬೆಳಗಿನ ಜಾವ ಅದು ಒಡೆಯುತ್ತದೆ. ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ. ರಕ್ತಕ್ಕೆ ಇದು ಕುರುವೋ ಕುಡುಗೋಲಿನ ಗಾಯವೋ ಗೊತ್ತಾಗುವುದಿಲ್ಲ. ಗಾಯ ಅಂದುಕೊಂಡು ಓಡಿಬಂದು ಹೆಪ್ಪು ಹಾಕುತ್ತದೆ. ಬೆರಳಿನ ಮೇಲಾದರೆ ಅದು ಜೀವ ಉಳಿಸುವ ಹೆಪ್ಪು. ಜೋಳದ ಕಾಳಿನಷ್ಟು ದಾರಿಯಲ್ಲಿ ಅದೇ ಹೆಪ್ಪು ಪೂರ್ತಿ ಬಾಗಿಲು ಹಾಕಿಬಿಡುತ್ತದೆ. ಕೆಲವು ಸಲ ಪೊರೆ ಒಡೆಯುವುದೂ ಇಲ್ಲ, ಮೇಲ್ಪದರ ಸವೆದರೆ ಸಾಕು, ಅಷ್ಟಕ್ಕೇ ಹೆಪ್ಪು ಕೂರುತ್ತದೆ. ಸಿಗರೇಟು, ಬೀಡಿ ಸೇದುವವರಲ್ಲಿ ಇದು ಜಾಸ್ತಿ.

"ಹೋದ ತಿಂಗಳಷ್ಟೇ ಚೆಕಪ್ ಮಾಡಿಸಿದ್ರು, ಎಲ್ಲಾ ನಾರ್ಮಲ್ ಇತ್ತು, ಆದರೂ ಹೋದರು" ಅನ್ನುವ ಮಾತಿಗೆ ಉತ್ತರ ಇಲ್ಲಿದೆ. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆಗಳು ಹಿಡಿಯುವುದು ಮುಖ್ಯವಾಗಿ ಇಕ್ಕಟ್ಟಾದ ದಾರಿಯನ್ನು. ಒಡೆಯಲು ಕಾಯುತ್ತಿರುವ ಸಣ್ಣ ಕುರು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆ ಮಾಡಿಸಬೇಡಿ ಅಂತಲ್ಲ. ನಾರ್ಮಲ್ ರಿಪೋರ್ಟನ್ನು ವರ್ಷದ ಗ್ಯಾರಂಟಿ ಕಾರ್ಡ್ ಅಂದುಕೊಂಡು ಎದೆನೋವಿಗೆ ಸೋಡಾ ಕುಡಿಯಬೇಡಿ ಅಂತ.

ಹೆಪ್ಪು ಮೊದಲೋ ಆಘಾತ ಮೊದಲೋ ಅನ್ನುವುದರ ಬಗ್ಗೆ ವೈದ್ಯರೇ ಬಹಳ ವರ್ಷ ಜಗಳವಾಡಿದ್ದಾರೆ. 1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಎಂಬ ವೈದ್ಯ, ಕೊರೋನರಿ ನಾಳದಲ್ಲಿ ಹೆಪ್ಪು ಕೂರುವುದರಿಂದಲೇ ಈ ತೊಂದರೆ, ಆದರೂ ರೋಗಿ ಬದುಕಬಹುದು ಅಂತ ಬರೆದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಮುಂದೆ ಎಷ್ಟೋ ಜನ, ಸ್ನಾಯು ಸತ್ತ ಮೇಲೆ ರಕ್ತ ನಿಂತು ಹೆಪ್ಪಾಗುತ್ತದೆ, ಹೆಪ್ಪು ಕಾರಣವಲ್ಲ, ಪರಿಣಾಮ ಅಂತ ವಾದಿಸಿದರು. ಹೆಣ ಕೊಯ್ದು ನೋಡಿದರೆ ಒಬ್ಬರಿಗೆ ಹೆಪ್ಪು ಸಿಗುತ್ತಿತ್ತು, ಒಬ್ಬರಿಗೆ ಇಲ್ಲ. ಜಗಳ ತೀರಿದ್ದು 1980ರಲ್ಲಿ. ಅಮೆರಿಕದ ಸ್ಪೋಕೇನ್ ಎಂಬ ಊರಿನಲ್ಲಿ ಮಾರ್ಕಸ್ ಡಿವುಡ್ ಮತ್ತು ಜೊತೆಗಾರರು, ಹೃದಯಾಘಾತ ಆಗುತ್ತಿರುವಾಗಲೇ ಆಂಜಿಯೋಗ್ರಾಂ, ಅಂದರೆ ನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ, ಮಾಡುವ ಧೈರ್ಯ ಮಾಡಿದ್ದರು. ಅಲ್ಲಿಯವರೆಗೆ ಅದು ಅಪಾಯ ಅಂತ ಬಹಳ ಜನ ಹಿಂಜರಿಯುತ್ತಿದ್ದರು. ನಾಲ್ಕು ತಾಸಿನೊಳಗೆ ಬಂದ 126 ಜನರಲ್ಲಿ 110 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಹನ್ನೆರಡು ತಾಸು ಕಳೆದ ಮೇಲೆ ಬಂದವರಲ್ಲಿ ಹೀಗೆ ಮುಚ್ಚಿದ್ದು 65 ಪರ್ಸೆಂಟ್ ಮಾತ್ರ. ಅಂದರೆ ಹೆಪ್ಪು ಮೊದಲೇ ಇತ್ತು. ಆಮೇಲೆ ಎಷ್ಟೋ ಜನರಲ್ಲಿ ದೇಹವೇ ಅದನ್ನು ಕರಗಿಸಿಕೊಂಡಿತ್ತು. ಹೆಣದಲ್ಲಿ ಹೆಪ್ಪು ಸಿಗದೆ ಇದ್ದದ್ದಕ್ಕೂ ಇದರಿಂದ ಒಂದು ಉತ್ತರ ಸಿಕ್ಕಿತು.

ಮೊಸರಿಗೂ ರಕ್ತಕ್ಕೂ ಇರುವ ವ್ಯತ್ಯಾಸ ಇದೇ. ಮೊಸರು ತಿರುಗಿ ಹಾಲಾಗುವುದಿಲ್ಲ. ರಕ್ತದ ಹೆಪ್ಪು ಕರಗುತ್ತದೆ, ಹೊಸದಿದ್ದರೆ.

ಕರಗಿಸುವ ಔಷಧಿ ಸಿಕ್ಕಿದ ಕಥೆಯೂ ಚೆನ್ನಾಗಿದೆ. 1933ರಲ್ಲಿ ವಿಲಿಯಂ ಟಿಲೆಟ್ ಎಂಬ ಅಮೆರಿಕದ ವಿಜ್ಞಾನಿ, ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಒಂದು ಪದಾರ್ಥ ಫೈಬ್ರಿನ್ ಬಲೆಯನ್ನು ಕರಗಿಸುತ್ತದೆ ಅಂತ ತೋರಿಸಿದರು. ಗಂಟಲು ನೋವಾಗಿ ಶುರುವಾಗಿ ಮಕ್ಕಳ ಹೃದಯದ ಕವಾಟ ಕೆಡಿಸುತ್ತದಲ್ಲ, ಅದೂ ಇದೇ ಕುಲದ ಬ್ಯಾಕ್ಟೀರಿಯಾ. ಒಂದು ಕೈಯಲ್ಲಿ ಕವಾಟ ಕೆಡಿಸಿ ಇನ್ನೊಂದು ಕೈಯಲ್ಲಿ ನಾಳ ತೆರೆಯುವ ಕುಲ! ಔಷಧಿಯ ಹೆಸರು ಸ್ಟ್ರೆಪ್ಟೋಕೈನೇಸ್. 1986ರಲ್ಲಿ ಇಟಲಿಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಇದರ ದೊಡ್ಡ ಪರೀಕ್ಷೆ ನಡೆಯಿತು. ನೋವು ಶುರುವಾಗಿ ಒಂದು ತಾಸಿನೊಳಗೆ ಔಷಧಿ ಸಿಕ್ಕವರಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಮೂರು ತಾಸು, ಆರು ತಾಸು ಅಂತ ತಡವಾದ ಹಾಗೆ ಲಾಭ ಕರಗುತ್ತಾ ಹೋಯಿತು.

1988ರಲ್ಲಿ ಇನ್ನೊಂದು ಪರೀಕ್ಷೆ, ಐಸಿಸ್-2. 17,187 ರೋಗಿಗಳು, 417 ಆಸ್ಪತ್ರೆಗಳು. ಕೆಲವರಿಗೆ ಸ್ಟ್ರೆಪ್ಟೋಕೈನೇಸ್, ಕೆಲವರಿಗೆ ಆಸ್ಪಿರಿನ್, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಎರಡೂ ಸಿಗದವರಲ್ಲಿ ಐದು ವಾರದೊಳಗೆ ನೂರಕ್ಕೆ 13 ಜನ ಸತ್ತರು. ಎರಡೂ ಸಿಕ್ಕವರಲ್ಲಿ 8. ಅದರಲ್ಲಿ ಆಸ್ಪಿರಿನ್ ಅಂದರೆ ಚಿಲ್ಲರೆ ಕಾಸಿನ ಗುಳಿಗೆ. ಈ ಪರೀಕ್ಷೆಯ ವರದಿಯಲ್ಲಿ ಒಂದು ತಮಾಷೆ ಇದೆ. ವಯಸ್ಸು, ಲಿಂಗ ಅಂತೆಲ್ಲ ಭಾಗ ಮಾಡಿ ಫಲಿತಾಂಶ ಕೊಡಿ ಅಂತ ವರದಿ ಪ್ರಕಟಿಸುವ ವೈದ್ಯಕೀಯ ಪತ್ರಿಕೆಯವರು ಹಟ ಹಿಡಿದರಂತೆ. ಸಂಶೋಧಕರು ಜನ್ಮರಾಶಿಯ ಪ್ರಕಾರವೂ ಭಾಗ ಮಾಡಿ ಕೊಟ್ಟರು. ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲಿಲ್ಲ ಅಂತ ಬಂತು! ಅಂಕಿಗಳನ್ನು ಸುಮ್ನೆ ಚೂರು ಚೂರು ಮಾಡಿದರೆ ಏನು ಬೇಕಾದರೂ ಹೇಳಿಸಬಹುದು ಅಂತ ತೋರಿಸಲು ಮಾಡಿದ ಕೀಟಲೆ ಅದು. ನಮ್ಮ ಟಿವಿ ಜ್ಯೋತಿಷಿಗಳ ಕೈಗೆ ಇದು ಸಿಕ್ಕಿಲ್ಲ, ಪುಣ್ಯ.

ಈಗ ಇಂಡಿಯ ರಸ್ತೆಗೆ ವಾಪಸ್ ಬರೋಣ. ನಾಳ ಪೂರ್ತಿ ಮುಚ್ಚಿದ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ. ಒಮ್ಮೆಗೇ ಅಲ್ಲ. ಗದ್ದೆಗೆ ಹಚ್ಚಿದ ಬೆಂಕಿಯ ಹಾಗೆ ಒಂದು ಕಡೆಯಿಂದ ಹರಡುತ್ತದೆ. ಆರು ತಾಸಿನಲ್ಲಿ ಬಹುಪಾಲು ಮುಗಿದಿರುತ್ತದೆ. ಇನ್ನೊಂದು ಕಡೆ ಹೆಪ್ಪೂ ಗಟ್ಟಿಯಾಗುತ್ತಿರುತ್ತದೆ. ಫೈಬ್ರಿನ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆ ಬಿಗಿಯುತ್ತದೆ. ಮೊದಲ ಮೂರು ತಾಸಿನಲ್ಲಿ ಇಂಜೆಕ್ಷನ್ನಿಗೆ ಕರಗುವ ಹೆಪ್ಪು ಆಮೇಲೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಅಂದರೆ ಎರಡು ಗಡಿಯಾರ ಒಟ್ಟಿಗೆ ಓಡುತ್ತಿರುತ್ತವೆ. ಎರಡೂ ನಮ್ಮ ವಿರುದ್ಧ.

ಎಲ್ಲಕ್ಕಿಂತ ಒಳ್ಳೆಯದು ಆಂಜಿಯೋಪ್ಲಾಸ್ಟಿ, ಅಂದರೆ ಬಲೂನು ಹಾಕಿ ನಾಳ ತೆರೆಯುವುದು, ನಿಜ. ಆದರೆ ಅದಕ್ಕೆ ಕ್ಯಾಥ್‌ಲ್ಯಾಬ್ ಎಂಬ ವಿಶೇಷ ಕೋಣೆ ಇರುವ ಆಸ್ಪತ್ರೆ ಬೇಕು, ಅದೂ ಎರಡು ತಾಸಿನೊಳಗೆ ಮುಟ್ಟುವಂತಿರಬೇಕು. ವಿಜಯಪುರದಲ್ಲೋ ಬೆಳಗಾವಿಯಲ್ಲೋ ಮನೆ ಇದ್ದವರಿಗೆ ಇದು ಸರಿ. ಸಿಂದಗಿಯ ಹಳ್ಳಿ, ಮುದ್ದೇಬಿಹಾಳದ ತೋಟದ ಮನೆ, ಹುನಗುಂದದ ಆಚೆ, ಅಥಣಿಯ ಹೊಳೆ ದಂಡೆ, ಇಲ್ಲಿಂದ ಹೊರಟವರಿಗೆ? ಗಾಡಿ ಹುಡುಕುವುದಕ್ಕೇ ಒಂದು ತಾಸು. ಅಂಥ ಕಡೆ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್, ಆಮೇಲೆ ದೊಡ್ಡ ಊರಿಗೆ ಪಯಣ. ಮೂರರಿಂದ ಇಪ್ಪತ್ನಾಲ್ಕು ತಾಸಿನೊಳಗೆ ಆಂಜಿಯೋಗ್ರಾಂ ಆದರೆ ಸಾಕು. ಇದು ಬಡವರಿಗೆ ಅಂತ ಮಾಡಿದ ಎರಡನೇ ದರ್ಜೆಯ ದಾರಿಯಲ್ಲ. ಕ್ಯಾಥ್‌ಲ್ಯಾಬ್ ದೂರ ಇರುವಲ್ಲಿ ಪ್ರಪಂಚದ ಎಲ್ಲ ಕಡೆಯೂ ಇದೇ ದಾರಿ.

ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ತಂದ ಹೃದಯ ಜ್ಯೋತಿ ಯೋಜನೆಯ ಲೆಕ್ಕಾಚಾರ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಯ ತಜ್ಞರು ನೋಡಿ ಹೌದು ಅಂದರೆ ಇಲ್ಲೇ ಟೆನೆಕ್ಟೆಪ್ಲೇಸ್ ಇಂಜೆಕ್ಷನ್, ಪುಕ್ಕಟೆ. ಸ್ಟ್ರೆಪ್ಟೋಕೈನೇಸ್ ಡ್ರಿಪ್ಪಿನಲ್ಲಿ ಮುಕ್ಕಾಲು ತಾಸು, ಒಂದು ತಾಸು ಹೋಗಬೇಕು. ಟೆನೆಕ್ಟೆಪ್ಲೇಸ್ ರೋಗಿಯ ತೂಕ ನೋಡಿ ಒಂದೇ ಸಲ, ಹತ್ತು ಸೆಕೆಂಡಿನಲ್ಲಿ ರಕ್ತನಾಳಕ್ಕೆ ಕೊಡುವುದು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ, ರಾತ್ರಿ ಇಸಿಜಿ ತೆಗೆಯುವವರು ಇರುತ್ತಾರಾ ಅಂತ ಇವತ್ತೇ ಹೋಗಿ ಕೇಳಿಟ್ಟುಕೊಳ್ಳಿ. ಎದೆ ಹಿಡಿದುಕೊಂಡವರನ್ನು ಕಾರಿನಲ್ಲಿ ಕೂರಿಸಿಕೊಂಡು ಕೇಳುವ ಪ್ರಶ್ನೆ ಅಲ್ಲ ಅದು.

ನಮ್ಮ ಕಡೆ ಈ ಮಾತು ಜನರಿಗೆ ಹಿಡಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. ತಲೆಮಾರುಗಳಿಂದ ನಮಗೆ ದೊಡ್ಡ ಕಾಯಿಲೆ ಅಂದರೆ ಮಿರಜು, ಸೊಲ್ಲಾಪುರ, ಸಾಂಗಲಿ. "ಮಿರಜಿಗೆ ಒಯ್ದ್ರು" ಅಂದರೆ ಮಾಡಬೇಕಾದ್ದೆಲ್ಲ ಮಾಡಿದರು ಅಂತ ಅರ್ಥ. ತಾಲ್ಲೂಕು ದವಾಖಾನೆಯಲ್ಲಿ ನಿಲ್ಲಿಸಿದರೆ, ನಾಳೆ ಹೆಚ್ಚುಕಡಿಮೆಯಾದರೆ ಬೀಗರ ಮುಂದೆ ಮುಖ ತೋರಿಸುವುದು ಹೇಗೆ? ಈ ಲೆಕ್ಕ ಕಾಕಾನ ಕಾರಿನಲ್ಲಿ ಕೂತವರ ಮನಸ್ಸಿನಲ್ಲೂ ಇತ್ತು ಅಂತ ನನಗೆ ಗೊತ್ತು. ಅವರಿಗೆ ಪ್ರೀತಿ ಕಡಿಮೆ ಇರಲಿಲ್ಲ. ಹೆಪ್ಪಿನ ಲೆಕ್ಕ ಗೊತ್ತಿರಲಿಲ್ಲ. ಹರಕೆ ಹೊತ್ತು ಶ್ರೀಶೈಲಕ್ಕೆ ನಡೆಯುವುದರಲ್ಲಿ ದೂರ ಹೋದಷ್ಟೂ ಪುಣ್ಯ ಇರಬಹುದು. ಎದೆನೋವಿಗೆ ಅದು ಉಲ್ಟಾ.

ಇಂಜೆಕ್ಷನ್ ಮಾಯದ ಮದ್ದೇನಲ್ಲ. ನಾಳ ಚೆನ್ನಾಗಿ ತೆರೆಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿ. ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಇದೆ. ಈಚೆಗೆ ಪಾರ್ಶ್ವವಾಯು ಆದವರಿಗೆ, ಆಪರೇಷನ್ ಆದವರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಕೊಡಲು ಹಿಂಜರಿಯುತ್ತಾರೆ. ಎಲ್ಲ ಹೃದಯಾಘಾತಕ್ಕೂ ಕೊಡುವಂಥದ್ದೂ ಅಲ್ಲ. ನಾಳ ಪೂರ್ತಿ ಮುಚ್ಚದೆ ಪ್ಲೇಟ್‌ಲೆಟ್‌ಗಳೇ ಜಾಸ್ತಿ ಇರುವ ಹೆಪ್ಪು ಕೂತಾಗ, ಫೈಬ್ರಿನ್ ಕರಗಿಸುವ ಈ ಔಷಧಿಯಿಂದ ಲಾಭಕ್ಕಿಂತ ತೊಂದರೆ. ಅದನ್ನು ಬೇರೆ ಮಾಡಿ ಹೇಳುವುದು ಇಸಿಜಿ ಮತ್ತು ಟ್ರೋಪೋನಿನ್ ಎಂಬ ರಕ್ತಪರೀಕ್ಷೆ. ಅದಕ್ಕೇ ಇದು ಊರಿನ ಕಟ್ಟೆಯ ಮೇಲೆ ತೀರ್ಮಾನ ಆಗುವ ಮಾತಲ್ಲ.

ಇನ್ನು ಗೊಂದಲದ ಇನ್ನೊಂದು ಮೂಲೆ. ಹೆಪ್ಪು ಅಂದ ಕೂಡಲೇ ಎಲ್ಲ ಹೆಪ್ಪೂ ಒಂದೇ ಅಂದುಕೊಳ್ಳುತ್ತೇವೆ. ಕಾಲಿನ ಒಳಗಿನ ಅಭಿಧಮನಿಯಲ್ಲಿ, ಅಂದರೆ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳದಲ್ಲಿ, ಕಟ್ಟುವ ಹೆಪ್ಪೇ ಬೇರೆ. ಅದಕ್ಕೆ ಕುರು ಒಡೆಯಬೇಕಿಲ್ಲ, ರಕ್ತ ನಿಧಾನವಾದರೆ ಸಾಕು. ಸೊಂಟ ಮುರಿದು ತಿಂಗಳು ಮಲಗಿದವರು, ಕ್ಯಾನ್ಸರ್ ಇರುವವರು, ಬಾಣಂತಿಯರು. ನಮ್ಮಲ್ಲಿ ಬಾಣಂತಿಯನ್ನು ಹೊರಸಿನಿಂದ ಇಳಿಯಲು ಬಿಡದೆ ಮಲಗಿಸುವ ರೂಢಿ ಇದೆಯಲ್ಲ, ಹೆರಿಗೆಯಾದ ಮೊದಲ ಆರು ವಾರ ಈ ಹೆಪ್ಪಿನ ಅಪಾಯ ಜಾಸ್ತಿ ಇರುವ ಕಾಲವೇ ಅದು. ಒಂದೇ ಕಾಲು ಬಾತು ನೋಯುತ್ತಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬಾರದು. ಈ ಹೆಪ್ಪು ಕಿತ್ತುಕೊಂಡು ಹೋದರೆ ಮುಟ್ಟುವುದು ಪುಪ್ಪುಸವನ್ನು, ಕೊರೋನರಿ ನಾಳವನ್ನಲ್ಲ. ಇನ್ನು ಹೃದಯದ ಮೇಲಿನ ಕೋಣೆಯಲ್ಲಿ, ಬಡಿತ ತಪ್ಪಿದಾಗ ಅಥವಾ ಕವಾಟ ಇಕ್ಕಟ್ಟಾದಾಗ ಕಟ್ಟುವ ಹೆಪ್ಪು ಹೆಚ್ಚಾಗಿ ಮೆದುಳಿಗೆ ಹೋಗಿ ಪಾರ್ಶ್ವವಾಯು ತರುತ್ತದೆ.

ಲಸಿಕೆಯ ಮಾತು ಇಲ್ಲೇ ಇತ್ಯರ್ಥ ಮಾಡಬಹುದು. ನಮ್ಮಲ್ಲಿ ಕೋವಿಶೀಲ್ಡ್ ಅಂತ ಕೊಟ್ಟ ಲಸಿಕೆಯಿಂದ ಬಹಳ ಅಪರೂಪಕ್ಕೆ ಹೆಪ್ಪಿನ ತೊಂದರೆ ಆಗುತ್ತಿತ್ತು, ಅದು ಸುಳ್ಳಲ್ಲ. ಆದರೆ ಅದು ಆಗುತ್ತಿದ್ದದ್ದು ಲಸಿಕೆ ಹಾಕಿದ ಮೊದಲ ಕೆಲವು ವಾರಗಳಲ್ಲಿ, ಹೆಚ್ಚಾಗಿ ಮೆದುಳಿನ ಅಭಿಧಮನಿಗಳಲ್ಲಿ, ಜೊತೆಗೆ ಪ್ಲೇಟ್‌ಲೆಟ್ ಎಣಿಕೆ ಕುಸಿದು. ನಾಲ್ಕು ವರ್ಷ ಬಿಟ್ಟು ಕೊರೋನರಿ ನಾಳದಲ್ಲಿ ಕುರು ಒಡೆಯುವುದಕ್ಕೂ ಅದಕ್ಕೂ ತಾಳಮೇಳವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ 19 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕೋವಿಡ್ ಕಾಯಿಲೆ ಮಾತ್ರ ರಕ್ತನಾಳದ ಒಳಪದರ ಕೆಡಿಸಿ ಹೆಪ್ಪು ಹೆಚ್ಚಿಸುತ್ತದೆ, ಅದು ನಿಜ.

ಲಸಿಕೆಯನ್ನು ಬೈಯುತ್ತಾ ಕೂತ ಕಟ್ಟೆಯಲ್ಲೇ ನಾಲ್ಕು ಜನ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತಿರುತ್ತಾರೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. 1981ರಲ್ಲಿ ತಂಬಾಕಿಗೆ ನ್ಯಾಯದ ಬೆಲೆ ಕೇಳಿ ರೈತರು ಅಲ್ಲಿ ಹೆದ್ದಾರಿ ತಡೆದಿದ್ದರು. ಎಷ್ಟೋ ಮನೆಗಳ ಅನ್ನ ಅದು, ಹಾಗಾಗಿ ಬೈಯಲು ನಾಲಿಗೆ ತಡೆಯುತ್ತದೆ. ಆದರೂ ಹೇಳಲೇಬೇಕು: ಹೊಗೆ ರಕ್ತನಾಳದ ಗೋಡೆಗೆ ಗಾಯ ಮಾಡುತ್ತದೆ, ಪ್ಲೇಟ್‌ಲೆಟ್‌ಗಳನ್ನು ಅಂಟಂಟು ಮಾಡುತ್ತದೆ, ಫೈಬ್ರಿನ್ನಿನ ಕಚ್ಚಾ ಮಾಲನ್ನೂ ಹೆಚ್ಚಿಸುತ್ತದೆ. ಕುರು ಬೆಳೆಸುವುದೂ ಅದೇ, ಒಡೆಸುವುದೂ ಅದೇ, ಒಡೆದ ಮೇಲೆ ಹೆಪ್ಪು ಹಾಕಿಸುವುದೂ ಅದೇ. ಮೂವತ್ತು, ಮೂವತ್ತೈದರ ಹುಡುಗರಿಗೆ ಆಘಾತ ಆದಾಗ ಬಹಳ ಸಲ ಸಿಗುವ ಕಾರಣ ಸಿಗರೇಟೊಂದೇ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲೇ ಹೇಳಿತ್ತು, ಪ್ರಪಂಚದ ಹೃದಯಾಘಾತದ ಅಪಾಯದಲ್ಲಿ ಸುಮಾರು 90 ಪರ್ಸೆಂಟ್ ಒಂಬತ್ತು ಮಾಮೂಲಿ ಕಾರಣಗಳಿಂದ ಅಂತ. ದಕ್ಷಿಣ ಏಷ್ಯಾದ ನಮಗೆ ಮೊದಲ ಆಘಾತ ಬರುವುದು ಸರಾಸರಿ 53ಕ್ಕೆ, ಬೇರೆಯವರಿಗಿಂತ ಐದಾರು ವರ್ಷ ಮುಂಚೆ. ಬಿಟ್ಟರೆ ಲಾಭವೂ ಬೇಗ: ಸೇದುವುದು ನಿಲ್ಲಿಸಿದ ಒಂದೆರಡು ವರ್ಷದಲ್ಲೇ ಅಪಾಯ ಬಹಳ ಇಳಿಯುತ್ತದೆ. ಬಳ್ಳೊಳ್ಳಿ, ಅಗಸಿ ಹಿಂಡಿ ತಿಂದರೆ ರಕ್ತ ತೆಳುವಾಗುತ್ತದೆ ಅಂತಾರಲ್ಲ, ರೊಟ್ಟಿ ಜೊತೆ ಧಾರಾಳವಾಗಿ ತಿನ್ನಿ, ರುಚಿಯಾಗಿರುತ್ತದೆ. ಗುಳಿಗೆಯ ಕೆಲಸವನ್ನು ಅವು ಮಾಡುವುದಿಲ್ಲ.

ಹಾಗಾದರೆ ಮೆಡಿಕಲ್ ಅಂಗಡಿಯ ಗುಳಿಗೆ? ಆಸ್ಪಿರಿನ್ ರಕ್ತವನ್ನು ತೆಳು ಮಾಡುವುದೇ ಇಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದ ಹಾಗೆ ಮಾಡುತ್ತದೆ. ಒಂದು ಪ್ಲೇಟ್‌ಲೆಟ್ಟಿನ ಆಯುಸ್ಸು ಏಳರಿಂದ ಹತ್ತು ದಿನ. ಆಸ್ಪಿರಿನ್ ತಾಗಿದರೆ ಆ ಪೂರ್ತಿ ಆಯುಸ್ಸು ಅದು ನಿಸ್ತೇಜ. ಈಗಾಗಲೇ ಆಘಾತ ಆದವರಿಗೆ, ಸ್ಟೆಂಟ್ ಇರುವವರಿಗೆ ಇದು ವರ. ಏನೂ ಇಲ್ಲದವರು ಸುಮ್ನೆ ನುಂಗಿದರೆ ಹೊಟ್ಟೆಯಲ್ಲೋ ಮೆದುಳಲ್ಲೋ ರಕ್ತ ಸೋರುವ ಅಪಾಯ. 2018ರಲ್ಲಿ ಒಂದಾದ ಮೇಲೊಂದು ಬಂದ ಮೂರು ದೊಡ್ಡ ಪರೀಕ್ಷೆಗಳಲ್ಲಿ, ಹೃದ್ರೋಗ ಇಲ್ಲದವರಿಗೆ ದಿನಾ ಆಸ್ಪಿರಿನ್ ಕೊಟ್ಟದ್ದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ, ಕಂಡಷ್ಟನ್ನೂ ರಕ್ತಸ್ರಾವ ನುಂಗಿಹಾಕಿತು.

ಆಘಾತದ ಗುಮಾನಿ ಇದ್ದ ಹೊತ್ತಿನ ಮಾತು ಬೇರೆ. ಎದೆ ಒತ್ತಿ ಹಿಡಿದು, ಬೆವರಿ, ನೋವು ಎಡಗೈಗೋ ದವಡೆಗೋ ಹರಿದರೆ 108ಕ್ಕೆ ಫೋನ್ ಮಾಡಿ, ಅಲರ್ಜಿ ಅಥವಾ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುವ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಬಹುದು. ಜಗಿಯಬೇಕು, ಹಾಗೇ ನುಂಗಿದರೆ ತಡ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಉಸಿರು ಕಟ್ಟಿ ಸುಸ್ತಾಗಬಹುದು. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಗುಳಿಗೆಯನ್ನು ಹೆಪ್ಪು ಕರಗಿಸುವ ಮದ್ದು ಅಂತ ವಾಟ್ಸಾಪಿನಲ್ಲಿ ಕಳಿಸುತ್ತಿರುತ್ತಾರೆ. ಅದು ಕರಗಿಸುವುದಿಲ್ಲ, ನಾಳ ಹಿಗ್ಗಿಸುತ್ತದೆ. ಬಿಪಿ ಮೊದಲೇ ಇಳಿದಿದ್ದರೆ ಇನ್ನೂ ಇಳಿಸಿ ಜೀವಕ್ಕೇ ಕುತ್ತು ತರಬಹುದು. ಡಾಕ್ಟರ್ ಹೇಳದೆ ಬೇಡ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಹೆಪ್ಪಿನ ಕಥೆ ಮುಗಿಯಿತು ಅಂತಲ್ಲ. ಸ್ಟೆಂಟ್ ಅಂದರೆ ಲೋಹದ ಜಾಳಿಗೆ. ನಾಳದ ಒಳಪದರ ಅದರ ಮೇಲೆ ಬೆಳೆಯುವ ತನಕ ರಕ್ತಕ್ಕೆ ಅದು ಹೊರಗಿನ ವಸ್ತು. ಅದಕ್ಕೇ ಆಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡು ಗುಳಿಗೆ: ಆಸ್ಪಿರಿನ್, ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಿ ಲೇಪಿತ ಸ್ಟೆಂಟಿನ ದರಕ್ಕೆ ಸುಮಾರು 30 ಸಾವಿರದ ಮಿತಿ ಹಾಕಿದ ಮೇಲೆ ಸ್ಟೆಂಟ್ ಅಗ್ಗವಾಯಿತು. ತಿಂಗಳ ಗುಳಿಗೆಯ ಖರ್ಚು ಮಾತ್ರ ಮನೆಯವರ ತಲೆಗೇ. ನಾಲ್ಕನೇ ತಿಂಗಳಿಗೆ "ಈಗ ಆರಾಮ ಇದೀನಲ್ಲ" ಅಂತ ಬಿಟ್ಟವರ ಸ್ಟೆಂಟಿನಲ್ಲಿ ಹೆಪ್ಪು ಕೂತರೆ ನಾಳ ಪೂರ್ತಿ ಬಂದ್. ಅದು ಮೊದಲ ಆಘಾತಕ್ಕಿಂತ ಕೆಟ್ಟದ್ದಾಗಬಹುದು.

ಹೋದ ವಾರ ಕಾಕಾ ಫೋನ್ ಮಾಡಿದ್ದರು. ದವಡೆ ಹಲ್ಲು ಅಲ್ಲಾಡುತ್ತಿದೆ, ಕೀಳಿಸಬೇಕು.

"ಯಾರೋ ಹೇಳಿದ್ರು, ಆ ಗುಳಿಗಿ ಒಂದ್ ವಾರ ಬಿಡಬೇಕಂತ. ಇಲ್ಲಂದ್ರ ರಕ್ತ ನಿಲ್ಲಂಗಿಲ್ಲಂತ. ಬಿಡ್ಲೇನು ತಮ್ಮಾ?"

"ಬಿಡಬ್ಯಾಡ್ರಿ ಕಾಕಾ. ಸ್ಟೆಂಟ್ ಹಾಕಿದ ಡಾಕ್ಟರನ್ನ ಕೇಳೋ ತನಕ ಒಂದೂ ತಪ್ಪಿಸಬ್ಯಾಡ್ರಿ. ಹಲ್ಲಿನ ರಕ್ತ ಹತ್ತಿ ಒತ್ತಿದ್ರ ನಿಲ್ತೈತಿ."

ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಡಾಕ್ಟರು ಸೊಲ್ಲಾಪುರದಾಗ ಅದಾರಲ್ಲೋ" ಅಂದರು. "ಅಲ್ಲೀತನ ಯಾರ್ ಹೋಗ್ತಾರ?"